ಡ್ರೋನ್ ಬ್ರ್ಯಾಕೆಟ್ ತೂಕ ಇಳಿಸಬೇಕು, ಲೋಹದಲ್ಲಿ ಪ್ರಿಂಟ್ ಮಾಡಿಸಿದವರು ಅನುಭವ ಹೇಳಿ

ದಾವಣಗೆರೆ ಡ್ರೋನ್:
ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಸೇರಿ ಔಷಧಿ ಸಿಂಪಡಿಸುವ ಡ್ರೋನ್ ಕಟ್ಟುತ್ತಿದ್ದೇವೆ. ಆರು ಕೈ, 10 ಲೀಟರ್ ಟ್ಯಾಂಕ್. ಟ್ಯಾಂಕ್ ತುಂಬಿಸಿ ತೂಗಿದರೆ 25.3 ಕೆಜಿ ಬರುತ್ತಿದೆ. 25 ದಾಟಿದರೆ ಡ್ರೋನ್ ನಿಯಮದಲ್ಲಿ ಸ್ಮಾಲ್ ಹೋಗಿ ಮೀಡಿಯಂ ವರ್ಗಕ್ಕೆ ಬೀಳುತ್ತದೆ, ಆಮೇಲಿನ ತಲೆನೋವು ನಿಮಗೆ ಗೊತ್ತು. ಅದಕ್ಕೆ 400 ಗ್ರಾಂ ಇಳಿಸಬೇಕು. ಕೈ ಮಡಚುವ ಜಾಗದ ಬ್ರ್ಯಾಕೆಟ್ ಈಗ 6061 ಅಲ್ಯೂಮಿನಿಯಂ ಗಟ್ಟಿಯಿಂದ ವಿಎಂಸಿಯಲ್ಲಿ, ಅಂದರೆ ಕಂಪ್ಯೂಟರ್ ಮಿಲ್ಲಿಂಗ್ ಮೆಷಿನ್‌ನಲ್ಲಿ ಮಾಡಿಸಿದ್ದು, ಒಂದಕ್ಕೆ 186 ಗ್ರಾಂ. ಟೋಪಾಲಜಿ ಆಪ್ಟಿಮೈಸೇಶನ್ (ಭಾರ ಹೊರದ ಕಡೆಯ ವಸ್ತುವನ್ನು ಸಾಫ್ಟ್‌ವೇರ್ ತೆಗೆದು ಹಾಕುವ ವಿಧಾನ) ಹಾಕಿದರೆ 115 ಗ್ರಾಂಗೆ ಬರುತ್ತದೆ ಅಂತ ಸಾಫ್ಟ್‌ವೇರ್ ತೋರಿಸುತ್ತಿದೆ. ನನ್ನ ಪ್ರಶ್ನೆ ಮೂರೇ. ಆಲ್‌ಸಿ10ಎಂಜಿ ಅಲ್ಯೂಮಿನಿಯಂ ಪುಡಿಯಲ್ಲಿ (ಲೇಸರ್‌ನಿಂದ ಪದರ ಪದರವಾಗಿ ಕರಗಿಸುವುದು) ಮಾಡಿಸಲೋ, ಪಿಎ12 ನೈಲಾನ್ ಸಾಕೋ? ಮೆಷಿನ್‌ನಲ್ಲಿ ಯಾವ ಕಡೆ ತಿರುಗಿಸಿ ಇಡಬೇಕು? 4 ಮಿಮೀ ಬೋಲ್ಟಿನ ಎಂ4 ಥ್ರೆಡ್ ಪ್ರಿಂಟ್‌ನಲ್ಲೇ ಬರುತ್ತದೋ, ಆಮೇಲೆ ಟ್ಯಾಪ್ ಹೊಡೆದು ಕೊರೆಯಬೇಕೋ? 12 ಪೀಸ್ ಬೇಕು, ಕೈಯಲ್ಲಿ ಇರುವುದು 90,000 ರೂಪಾಯಿ.

ಪೀಣ್ಯ ಸೆಕೆಂಡ್ ಸ್ಟೇಜ್:
ನಾನು ಮಾಡಿಸಿದ್ದೇನೆ, ಕೇಳಿ. 2022ರಲ್ಲಿ. ರೋಬೋಟ್ ಕೈಯ ತುದಿಯಲ್ಲಿ ಗ್ರಿಪ್ಪರ್ ಹಿಡಿಯುವ ಬ್ರ್ಯಾಕೆಟ್. ಗಟ್ಟಿಯಿಂದ ಮಾಡಿದ್ದು 640 ಗ್ರಾಂ ಇತ್ತು. ಗ್ರಿಪ್ಪರ್, ಜಾಬ್, ಬ್ರ್ಯಾಕೆಟ್ ಮೂರೂ ಸೇರಿ 5 ಕೆಜಿ ರೋಬೋಟ್‌ನ ಮಿತಿ ದಾಟುತ್ತಿತ್ತು. ಮುಂದಿನ ಸೈಜ್ ರೋಬೋಟ್‌ಗೆ ಆರು ಲಕ್ಷ ಜಾಸ್ತಿ. ಆಪ್ಟಿಮೈಸ್ ಮಾಡಿ 270 ಗ್ರಾಂಗೆ ತಂದೆ. ಸ್ಕ್ರೀನ್ ಮೇಲೆ ನೋಡಿದರೆ ಕೋಳಿ ಮೂಳೆ ಥರ, ಬಹಳ ಚೆಂದ.

ಈಗ ಖರ್ಚು ಕೇಳಿ. ಪ್ರಿಂಟ್ 27,800. ಅದರಲ್ಲಿ 270 ಗ್ರಾಂ ಮಾತ್ರ ಪಾರ್ಟು, ಇನ್ನು 190 ಗ್ರಾಂ ಸಪೋರ್ಟ್, ಪ್ರಿಂಟ್ ಆಗುವಾಗ ಕೆಳಗಿನಿಂದ ಆಧಾರ ಕೊಡುವ ಕಡ್ಡಿಗಳು. ಸಪೋರ್ಟ್‌ಗೂ ದುಡ್ಡು ಕೊಡಬೇಕು, ಬಿಚ್ಚಿ ಎಸೆಯುವುದಕ್ಕೂ ದುಡ್ಡು ಕೊಡಬೇಕು. ಜಿಎಸ್‌ಟಿ 5,004. ಸ್ಟ್ರೆಸ್ ರಿಲೀಫ್, ಅಂದರೆ ಒಳಗಿನ ಎಳೆತ ಹೋಗಲು ಕಾಯಿಸುವುದು, 300 ಡಿಗ್ರಿಯಲ್ಲಿ ಎರಡು ಗಂಟೆ, 3,500. ಒಂದೇ ಪೀಸ್ ಇದ್ದರೂ ಫರ್ನೇಸ್‌ನವನು ಮಿನಿಮಮ್ ಚಾರ್ಜ್ ಬಿಡಲಿಲ್ಲ. ಪ್ರಿಂಟ್ ಆದ ಪ್ಲೇಟ್‌ನಿಂದ ವೈರ್‌ಕಟ್ (ಕರೆಂಟ್ ಹರಿಸಿದ ತಂತಿಯಿಂದ ಕತ್ತರಿಸುವುದು) ಮಾಡಲು 4,200. ಸಪೋರ್ಟ್ ಕೀಳಲು ಒಬ್ಬ ಹುಡುಗ ಕಟಿಂಗ್ ಪ್ಲೇಯರ್, ಫೈಲ್ ಹಿಡಿದು ಕೂತ, 1,800. ನಿಜವಾದ ಬರೆ ಆಮೇಲೆ. ಆ ಮೂಳೆ ಆಕಾರವನ್ನು ವೈಸ್‌ನಲ್ಲಿ ಹಿಡಿಯುವುದು ಹೇಗೆ? ಎಲ್ಲೂ ಸಮತಟ್ಟು ಜಾಗವೇ ಇಲ್ಲ. ಅದಕ್ಕೇ ಅಂತ ಸಾಫ್ಟ್ ಜಾ, ಆ ಆಕಾರಕ್ಕೇ ಕೊರೆದ ಹಿಡಿಕೆ, ಮಾಡಿಸಿದೆ, 11,500. ಬೋರು, ಮುಖ, ಟ್ಯಾಪಿಂಗ್ ಸೇರಿ ಮೆಷಿನಿಂಗ್ 6,000. ಒಟ್ಟು 59,804. ಗಟ್ಟಿಯಿಂದ ಮಾಡಿದ ಹಳೆಯದಕ್ಕೆ 7,400 ಕೊಟ್ಟಿದ್ದೆ.

ಇದು ಎರಡನೇ ಪೀಸ್‌ನ ಲೆಕ್ಕ. ಮೊದಲ ಪೀಸ್ ಸ್ಕ್ರ್ಯಾಪ್. ಅವಸರ ಅಂತ ಸ್ಟ್ರೆಸ್ ರಿಲೀಫ್‌ಗೆ ಮೊದಲೇ ವೈರ್‌ಕಟ್‌ಗೆ ಕಳಿಸಿದೆ. ತಂತಿ ಮುಕ್ಕಾಲು ಭಾಗ ದಾಟುವಷ್ಟರಲ್ಲಿ ಪಾರ್ಟು ಹಪ್ಪಳದ ಹಾಗೆ ಮೇಲಕ್ಕೆ ಎದ್ದಿತು. ಅಳೆದರೆ 1.4 ಮಿಮೀ ಬಾಗು. ಅಲ್ಲಿಗೆ ಇನ್ನೊಂದು 37,004 ನೀರಿಗೆ. ಅವಸರ ಮಾಡಿಸಿದ್ದು ಕಸ್ಟಮರ್, ಕಟ್ಟಿಸಿಕೊಂಡದ್ದು ನಾನು.

ಆದರೂ ಹೇಳುತ್ತೇನೆ, ಆ ಬ್ರ್ಯಾಕೆಟ್ ಇವತ್ತಿಗೂ ಓಡುತ್ತಿದೆ. ಎರಡು ಶಿಫ್ಟ್.

ಲೆಡ್ಜರ್:
ಜಿಎಸ್‌ಟಿಯನ್ನು ಖರ್ಚಿಗೆ ಯಾಕೆ ಸೇರಿಸಿದಿರಿ? ಕೊಟ್ಟ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ ಅಲ್ವಾ? 5,004 ನಿಮ್ಮ ಖರ್ಚೇ ಅಲ್ಲ. ಹೀಗೆ ಲೆಕ್ಕ ಉಬ್ಬಿಸಿ ಹೊಸಬರನ್ನು ಹೆದರಿಸುವುದು ಸರಿಯಲ್ಲ.

ಪೀಣ್ಯ ಸೆಕೆಂಡ್ ಸ್ಟೇಜ್:
ಸ್ವಾಮಿ, ನಾನು ಆಗ ಸಣ್ಣ ವ್ಯಾಪಾರಿಗಳ ಕಾಂಪೋಸಿಷನ್ ಸ್ಕೀಮ್‌ನಲ್ಲಿ ಇದ್ದೆ. ಅದರಲ್ಲಿ ಇನ್‌ಪುಟ್ ಕ್ರೆಡಿಟ್ ಇಲ್ಲ. ನನ್ನ ಜೇಬಿನಿಂದ ಹೋದ ದುಡ್ಡು ಖರ್ಚು ಹೌದೋ ಅಲ್ಲವೋ ಅಂತ ನಿಮ್ಮನ್ನು ಕೇಳಬೇಕಾ?

ಹ್ಯಾಂಬರ್ಗ್ ಕನ್ನಡತಿ:
ಖರ್ಚಿನ ಮಾತು ಆಮೇಲೆ. ಮೊದಲು ಒಂದು ಮೂಲ ವಿಷಯ, ಇದನ್ನು ಬಿಟ್ಟು ಎಲ್ಲರೂ ಮೂಳೆ ಆಕಾರ ನೋಡಿ ಮರುಳಾಗುತ್ತಾರೆ. ಸಾಫ್ಟ್‌ವೇರ್ ಸಾಮಾನ್ಯವಾಗಿ ಹುಡುಕುವುದು ಕಡಿಮೆ ಬಾಗುವ ಆಕಾರವನ್ನು, ಮುರಿಯದ ಆಕಾರವನ್ನಲ್ಲ. ಕೊಟ್ಟ ವಸ್ತುವಿನಲ್ಲಿ ಅತಿ ಕಡಿಮೆ ಬಾಗುವಂತೆ ಮಾಡು ಅಂದರೆ ಅಷ್ಟನ್ನೇ ಮಾಡುತ್ತದೆ. ಮುರಿಯುತ್ತದೋ, ಬಳುಕಿ ಮಡಚಿಕೊಳ್ಳುತ್ತದೋ, ಹತ್ತು ಲಕ್ಷ ಸಲ ಅಲುಗಿದ ಮೇಲೆ ಬಿರುಕು ಬಿಡುತ್ತದೋ, ಅದೆಲ್ಲ ನೀವು ಬೇರೆಯಾಗಿ ಪರೀಕ್ಷಿಸಬೇಕು.

ನನ್ನ ಕಥೆ. ವಿಮಾನದ ಒಳಗಿನ ಒಂದು ಟೈಟಾನಿಯಂ ಬ್ರ್ಯಾಕೆಟ್, 1.18 ಕೆಜಿಯಿಂದ 0.49ಕ್ಕೆ ಇಳಿಸಿದೆವು. ಯಾವ ಕಂಪನಿ ಅಂತ ಹೇಳುವುದಿಲ್ಲ. ಸ್ಟ್ಯಾಟಿಕ್ ಟೆಸ್ಟ್ ಪಾಸ್. ನನ್ನ ಬಾಸ್ ಎಲ್ಲರಿಗೂ ಕೇಕ್ ತರಿಸಿದರು. ಫಟೀಗ್ ಟೆಸ್ಟ್‌ನಲ್ಲಿ, ಅಂದರೆ ಮತ್ತೆ ಮತ್ತೆ ಭಾರ ಹಾಕಿ ತೆಗೆದಾಗ, ಬೇಕಾದ ಸೈಕಲ್‌ಗಳ ಕಾಲು ಭಾಗಕ್ಕೆ ಮುರಿಯಿತು. ಬಿರುಕು ಶುರುವಾದದ್ದು ಕೆಳಮುಖದಿಂದ, ಅಂದರೆ ಪ್ರಿಂಟ್ ಆಗುವಾಗ ಪುಡಿಯ ಮೇಲೆ ನೇತಾಡುತ್ತಿದ್ದ ಕಡೆಯಿಂದ. ಆ ಮುಖ ಯಾವಾಗಲೂ ಒರಟು. ಹಿಪ್ (ಸುತ್ತಲೂ ಅನಿಲದ ಒತ್ತಡ ಕೊಟ್ಟು ಕಾಯಿಸುವುದು) ಮಾಡಿಸಿದ್ದೆವು, 920 ಡಿಗ್ರಿಯಲ್ಲಿ. ಹಿಪ್ ಒಳಗಿನ ತೂತು ಮುಚ್ಚುತ್ತದೆ, ಹೊರಗಿನ ಮುಖಕ್ಕೆ ತೆರೆದುಕೊಂಡ ತೂತನ್ನೂ ಒರಟನ್ನೂ ಮುಚ್ಚುವುದಿಲ್ಲ. ಇದು ನನಗೆ ಗೊತ್ತಿತ್ತು. ಮೀಟಿಂಗ್‌ನಲ್ಲಿ ಹೇಳಿಯೂ ಇದ್ದೆ. ಮಿನಿಟ್ಸ್‌ನಲ್ಲಿ ಬರೆಯಲಿಲ್ಲ. ಆ ಮುಖಕ್ಕೆ 0.8 ಮಿಮೀ ಜಾಸ್ತಿ ಬಿಟ್ಟು, ಆಮೇಲೆ ಮೆಷಿನ್ ಮಾಡಿಸಿ, ಮತ್ತೆ ಟೆಸ್ಟ್ ಮುಗಿಸಲು 7 ತಿಂಗಳು. ಕೊನೆಗೆ ತೂಕ 0.56.

2013ರಲ್ಲಿ ಜಿಇ ಕಂಪನಿ ಜೆಟ್ ಎಂಜಿನ್ ಬ್ರ್ಯಾಕೆಟ್‌ಗೆ ಒಂದು ಸ್ಪರ್ಧೆ ನಡೆಸಿತ್ತು. ಹತ್ತಿರ ಹತ್ತಿರ 700 ಡಿಸೈನ್ ಬಂದವು. ಗೆದ್ದವರು ಇಂಡೋನೇಷ್ಯಾದವರು, 2033 ಗ್ರಾಂ ಇದ್ದದ್ದನ್ನು 327ಕ್ಕೆ ತಂದಿದ್ದರು. ಎಲ್ಲರೂ ಆ 84 ಶೇಕಡ ಅನ್ನುವುದನ್ನೇ ನೆನಪಿಟ್ಟುಕೊಂಡಿದ್ದಾರೆ. ಅಲ್ಲಿ ನಾಲ್ಕು ಲೋಡ್ ಕೇಸ್ (ಯಾವ ದಿಕ್ಕಿನಿಂದ ಎಷ್ಟು ಭಾರ ಬೀಳುತ್ತದೆ ಅನ್ನುವ ಲೆಕ್ಕ) ಬರೆದು ಕೊಟ್ಟಿದ್ದರು ಅನ್ನುವುದು ಯಾರಿಗೂ ನೆನಪಿಲ್ಲ. ಮೇಲೆ, ಅಡ್ಡ, ಓರೆ, ತಿರುಚು. ನಿಮ್ಮ ಡ್ರೋನ್‌ಗೆ ಎಷ್ಟು ಲೋಡ್ ಕೇಸ್ ಹಾಕಿದ್ದೀರಿ?

ದಾವಣಗೆರೆ ಡ್ರೋನ್:
ಒಂದು ಮೇಡಂ. ಹಾರುವಾಗಿನದು. ಒಂದು ಕೈಗೆ ನಿಂತಲ್ಲೇ ಹಾರುವಾಗ ಸುಮಾರು 4.2 ಕೆಜಿ, ಅದಕ್ಕೆ ಎರಡು ಪಟ್ಟು ಹಾಕಿದ್ದೇನೆ.

ರಾಯಚೂರು ನೈಲಾನ್:
ಒಂದೇ! ನಾನೂ ಒಂದೇ ಹಾಕಿದ್ದೆ ಗುರು. ಬಾ, ನನ್ನ ಕಥೆ ಕೇಳು.

ನಮ್ಮದು ಮ್ಯಾಪಿಂಗ್ ಡ್ರೋನ್. ನಿನ್ನದಕ್ಕಿಂತ ಸಣ್ಣದು. ಕೈ ಬ್ರ್ಯಾಕೆಟ್ ಪಿಎ12 ನೈಲಾನ್, ಎಂಜೆಎಫ್ ಅನ್ನುವ ಪ್ಲಾಸ್ಟಿಕ್ ಪುಡಿ ಪ್ರಿಂಟ್ ಮೆಷಿನ್. ಒಂದಕ್ಕೆ 1,450, ಎಂಟು ಪೀಸ್. ಹಾರಿಸಿದೆವು, ಕೆಡವಿದೆವು, ಏನೂ ಆಗಲಿಲ್ಲ. ಎದೆ ಉಬ್ಬಿಸಿ ಓಡಾಡಿದೆ. ಆಮೇಲೆ ಸಿಂಧನೂರಿಗೆ ಗೂಡ್ಸ್ ಟೆಂಪೋದಲ್ಲಿ ಸಾಗಿಸಿದೆವು. ಡ್ರೈವರ್‌ಗೆ ಡ್ರೋನ್ ಅಲ್ಲಾಡಬಾರದು ಅಂತ ಕಾಳಜಿ, ಪಾಪ. ಬ್ರ್ಯಾಕೆಟ್‌ನ ಒಂದು ತೆಳು ಕಡ್ಡಿ ನೋಡಲು ಥೇಟ್ ಕೊಕ್ಕೆ ಹಾಗೆ ಇತ್ತು. ಅದಕ್ಕೇ ಹಗ್ಗ ಹಾಕಿ ಬಿಗಿದು ಕಟ್ಟಿದ್ದ. ದಾರಿಯಲ್ಲಿ ಎಷ್ಟು ಗುಂಡಿ ಅಂತ ನಾನು ಹೇಳಬೇಕಿಲ್ಲ. ಇಳಿಸುವಾಗ ಎರಡು ಕೈ ನೇತಾಡುತ್ತಿದ್ದವು. ಆಕಾಶದಲ್ಲಿ ಮುರಿಯದ ಪಾರ್ಟು ಟೆಂಪೋದಲ್ಲಿ ಮುರಿಯಿತು. ಆ ದಿಕ್ಕಿಗೆ ಯಾರಾದರೂ ಎಳೆಯುತ್ತಾರೆ ಅಂತ ಸಾಫ್ಟ್‌ವೇರ್‌ಗೆ ನಾನು ಹೇಳೇ ಇರಲಿಲ್ಲ. ಅದು ಅಲ್ಲಿನ ವಸ್ತುವನ್ನೆಲ್ಲ ತಿಂದು ಹಾಕಿತ್ತು.

ಎರಡನೇ ಪೆಟ್ಟು ಬಿಸಿಲು. ಮೇ ತಿಂಗಳು, ಕಪ್ಪು ನೈಲಾನ್, ನೆರಳಿಲ್ಲ. ಬೆಳಿಗ್ಗೆ ಬಿಗಿ ಮಾಡಿದ ಬೋಲ್ಟು ಮಧ್ಯಾಹ್ನಕ್ಕೆ ಬೆರಳಲ್ಲಿ ತಿರುಗುತ್ತಿತ್ತು. ಬೋಲ್ಟಿನ ಒತ್ತಡಕ್ಕೆ ನೈಲಾನ್ ನಿಧಾನವಾಗಿ ಹರಿದು ಜಾಗ ಬಿಟ್ಟುಕೊಡುತ್ತದೆ. ಲಾಕ್‌ಟೈಟ್ ಹಾಕಿದೆ, ಪ್ರಯೋಜನ ಇಲ್ಲ, ಬಿಚ್ಚಿಕೊಳ್ಳುತ್ತಿರುವುದು ಬೋಲ್ಟಲ್ಲ, ಕುಗ್ಗುತ್ತಿರುವುದು ಪ್ಲಾಸ್ಟಿಕ್. ಕೊನೆಗೆ ಪ್ರತಿ ತೂತಿಗೂ ಅಲ್ಯೂಮಿನಿಯಂ ಬುಷ್, ಸಣ್ಣ ಕೊಳವೆ, ಹಾಕಿದೆ. ಬೋಲ್ಟಿನ ಒತ್ತಡ ಈಗ ಬುಷ್ ಮೇಲೆ. ಒಂದು ಬುಷ್ 35 ರೂಪಾಯಿ, 32 ಬುಷ್. ಅದರ ತೂಕ ಸೇರಿಸಿದರೆ ಉಳಿಸಿದ್ದರಲ್ಲಿ ಮೂರನೇ ಒಂದು ಪಾಲು ವಾಪಸ್ ಹೋಯಿತು.

ಬೆಳಗಾವಿ ಎರಕ:
ಅಲ್ರೀ, ಎಲ್ಲಾರೂ ಪುಡಿ, ಲೇಸರ್ ಅಂತ ಯಾಕೆ ಕುಣಿತೀರಿ? ಆಪ್ಟಿಮೈಸ್ ಮಾಡಿದ ಆಕಾರ ಎರಕ ಹೊಯ್ಯೂದಕ್ಕೂ ಬರ್ತದ. ಸಾಫ್ಟ್‌ವೇರ್‌ನಲ್ಲಿ ಅಚ್ಚು ಯಾವ ಕಡೆ ಬಿಚ್ಚಬೇಕು ಅಂತ ದಿಕ್ಕು ಕೊಡುವ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಒಳಗೆ ಸಿಕ್ಕಿಕೊಳ್ಳುವ ತೂತುಗಳನ್ನು ಅದೇ ತೆಗೆದು ಹಾಕುತ್ತದೆ. ನಾವು ಒಂದು ಮೆಷಿನ್ ಬ್ರ್ಯಾಕೆಟ್, ಎಸ್‌ಜಿ ಐರನ್ (ಒಂದು ಬಗೆಯ ಎರಕದ ಕಬ್ಬಿಣ), 11.2 ಕೆಜಿಯಿಂದ 7.9ಕ್ಕೆ ಇಳಿಸಿದ್ದೇವೆ. ಪ್ರಿಂಟ್ ಮಾಡಿದ್ದು ಪ್ಯಾಟರ್ನ್ ಮಾತ್ರ, ಅಂದರೆ ಮರಳಿನಲ್ಲಿ ಅಚ್ಚು ಒತ್ತುವ ಮಾದರಿ, ಪ್ಲಾಸ್ಟಿಕ್‌ನಲ್ಲಿ. ಕುಗ್ಗುವ ಲೆಕ್ಕಕ್ಕೆ ಶೇಕಡ 1 ದೊಡ್ಡದು ಮಾಡಿ, ಮರಳಿನಲ್ಲಿ ಒತ್ತಿದೆವು. ಪ್ಯಾಟರ್ನ್ ಖರ್ಚು 6,200. ಆಮೇಲೆ ನೂರು ಹೊಯ್ಯಿರಿ, ಸಾವಿರ ಹೊಯ್ಯಿರಿ.

ಸುಳ್ಳು ಹೇಳೂದಿಲ್ಲ, ಅಲ್ಯೂಮಿನಿಯಂ ಸಣ್ಣ ಪಾರ್ಟಿಗೆ ಪಿಎಲ್‌ಎ ಪ್ಲಾಸ್ಟಿಕ್ ಮಾದರಿಯ ಸುತ್ತ ಶೆಲ್ ಕಟ್ಟಿ, ಪ್ಲಾಸ್ಟಿಕ್ ಸುಟ್ಟು ತೆಗೆಯುವ ಪದ್ಧತಿಯಲ್ಲಿ ಕೈ ಸುಟ್ಟುಕೊಂಡೆ. ಪ್ಲಾಸ್ಟಿಕ್ ಕರಗಿ ಹೊರಗೆ ಬರುವ ಮೊದಲೇ ಉಬ್ಬಿ ಶೆಲ್ ಒಡೆಯಿತು. ಹತ್ತರಲ್ಲಿ ಆರು ಶೆಲ್ ಹೋದವು. ಉಳಿದ ನಾಲ್ಕರಲ್ಲಿ ಎರಡಕ್ಕೆ ಬೂದಿ ಅಂಟಿ ಮುಖ ಮೈಲಿ ಕಲೆ ಹಾಗೆ. ಒಳಗೆ ಟೊಳ್ಳು ಬಿಟ್ಟು, ತೆಳು ಗೋಡೆ ಮಾಡಿ ಪ್ರಿಂಟ್ ಮಾಡಿದ ಮೇಲೆ ಸರಿ ಹೋಯಿತು. ಆದರೆ ಅದು ಕಲಿಯಲು ಮೂರು ತಿಂಗಳು, ಒಂದು ಲಕ್ಷದ ಹತ್ತು ಸಾವಿರ.

ಹ್ಯಾಂಬರ್ಗ್ ಕನ್ನಡತಿ:
ಅವರು ಕೇಳಿದ್ದು 115 ಗ್ರಾಂ ಪಾರ್ಟು. ನೀವು 7.9 ಕೆಜಿ ಕಬ್ಬಿಣದ ಕಥೆ ಹೇಳುತ್ತಿದ್ದೀರಿ.

ಬೆಳಗಾವಿ ಎರಕ:
ನೀವು ವಿಮಾನದ ಕಥೆ ಹೇಳಬಹುದು, ನಾನು ಕಬ್ಬಿಣದ ಕಥೆ ಹೇಳಬಾರದಾ? ಕೇಕ್ ತಿಂದವರು ನೀವು, ಹೊಗೆ ಕುಡಿದವರು ನಾವು.

ತೊಂಬತ್ತೊಂಬತ್ತು ಸಾಲು:
ನಾನು ಕಾಲೇಜಿನಲ್ಲಿ ಪಾಠ ಮಾಡುವವನು. ಇಲ್ಲಿ ಯಾರೂ ಬುನಾದಿ ಹೇಳದಿರುವುದು ನೋಡಿ ಬೇಸರವಾಯಿತು. ಕಡಿಮೆ ವಸ್ತುವಿನಲ್ಲಿ ಭಾರ ಹೊರುವ ಕಡ್ಡಿಗಳ ಜಾಲ ಹೇಗಿರಬೇಕು ಅಂತ ಮಿಚೆಲ್ 1904ರಲ್ಲೇ ಬರೆದಿದ್ದಾರೆ. ಬೆಂಡ್ಸೋ ಮತ್ತು ಕಿಕುಚಿ 1988ರಲ್ಲಿ ಅದನ್ನು ಕಂಪ್ಯೂಟರ್‌ಗೆ ತಂದರು. 2001ರಲ್ಲಿ ಸಿಗ್ಮಂಡ್ 99 ಸಾಲಿನ ಕೋಡ್ ಪ್ರಕಟಿಸಿದರು, ಆಮೇಲೆ 88 ಸಾಲಿನದೂ ಬಂತು. ದುಬಾರಿ ಸಾಫ್ಟ್‌ವೇರ್ ಯಾಕೆ ಬೇಕು?

ನಮ್ಮ ಹುಡುಗರು ಒಂದು ರೇಸ್ ಕಾರಿನ ಅಪ್‌ರೈಟ್‌ಗೆ (ಚಕ್ರದ ಬೇರಿಂಗ್ ಹಿಡಿಯುವ ಭಾಗ) ಇದನ್ನೇ ಮೂರು ಆಯಾಮಕ್ಕೆ ಬೆಳೆಸಿ ಓಡಿಸಿದರು. ಕೆಳಗಿನ ಪದರದ ಆಧಾರ ಇಲ್ಲದ ಕಡೆ ವಸ್ತು ಬರದಂತೆ ತಡೆಯುವ ಲ್ಯಾಂಗೆಲಾರ್ ಅವರ ಫಿಲ್ಟರ್ ಕೂಡ ಹಾಕಿದರು. 45 ಡಿಗ್ರಿಗಿಂತ ಮಲಗಿದ ಮುಖ ಬರಲೇ ಇಲ್ಲ. ಸಪೋರ್ಟ್ ಬಹುತೇಕ ಶೂನ್ಯ. ಹಾಸ್ಟೆಲಿನ ಕಂಪ್ಯೂಟರ್‌ನಲ್ಲಿ ಒಂದು ಓಟಕ್ಕೆ 14 ಗಂಟೆ. ರಾತ್ರಿ ಕರೆಂಟ್ ಹೋಗಿ ಎರಡು ಸಲ ಮೊದಲಿನಿಂದ.

ಕಷ್ಟ ಆದದ್ದು ಆಮೇಲೆ. ಬಂದ ಉತ್ತರ ಎಸ್‌ಟಿಎಲ್ ಫೈಲ್, ಬರೀ ತ್ರಿಕೋನಗಳ ಹೊರಮೈ, ಸಕ್ಕರೆ ಅಚ್ಚಿನ ಹಾಗೆ ಗುಬುಟು ಗುಬುಟು. ಅದನ್ನು ಮತ್ತೆ ಸರಿಯಾದ ಸಾಲಿಡ್ ಮಾಡೆಲ್ ಮಾಡಲು ಇಬ್ಬರು ಹುಡುಗರು ಮೂರು ವಾರ ಕೂತರು. ಬೇರಿಂಗ್ ಕೂರುವ ಜಾಗ ಗುಂಡಗೆ ಇಲ್ಲ, ಬೋಲ್ಟ್ ಜಾಗ ನೇರ ಇಲ್ಲ. ಆ ಮೂರು ವಾರದಲ್ಲಿ ಎರಡು ಇಂಟರ್ನಲ್ಸ್ ತಪ್ಪಿಸಿಕೊಂಡರು, ಬೈಗುಳ ತಿಂದದ್ದು ನಾನು.

ಪೀಣ್ಯ ಸೆಕೆಂಡ್ ಸ್ಟೇಜ್:
ಸಾರ್, ಆ ಅಪ್‌ರೈಟ್ ಕೊನೆಗೆ ಲೋಹದಲ್ಲಿ ಪ್ರಿಂಟ್ ಆಯಿತಾ?

ತೊಂಬತ್ತೊಂಬತ್ತು ಸಾಲು:
ಪ್ಲಾಸ್ಟಿಕ್ ಮಾದರಿ ಮಾಡಿದೆವು. ಫಂಡ್ ಬರಲಿಲ್ಲ. ವಿಧಾನ ಮುಖ್ಯ.

ಪೀಣ್ಯ ಸೆಕೆಂಡ್ ಸ್ಟೇಜ್:
ಅಂದ್ಕೊಂಡೆ.

ತೊಂಬತ್ತೊಂಬತ್ತು ಸಾಲು:
ವ್ಯಂಗ್ಯ ಬೇಡ. ನೀವು ಯಾವ ಸಾಫ್ಟ್‌ವೇರ್ ಬಳಸಿದಿರಿ, ಅದರ ಲೈಸೆನ್ಸ್‌ಗೆ ಎಷ್ಟು ಕೊಟ್ಟಿರಿ? ನಿಮ್ಮ 59,804ರಲ್ಲಿ ಆ ಸಾಲು ಕಾಣಲಿಲ್ಲ.

ಪೀಣ್ಯ ಸೆಕೆಂಡ್ ಸ್ಟೇಜ್:
ಕಸ್ಟಮರ್ ಆಫೀಸಿನಲ್ಲಿ ಕೂತು ಅವರ ಲೈಸೆನ್ಸ್‌ನಲ್ಲಿ ಮಾಡಿದ್ದು. ಕದ್ದ (ಕ್ರ್ಯಾಕ್) ಸಾಫ್ಟ್‌ವೇರ್ ಅಂತ ನೇರವಾಗಿ ಹೇಳುವ ಧೈರ್ಯ ಇದ್ದರೆ ಹೇಳಿ.

ಲೆಡ್ಜರ್:
ಆಫೀಸಿಗೆ ಹೋಗಿ ಬಂದ ಪೆಟ್ರೋಲ್ ಖರ್ಚೂ ಸೇರಿಸಿಲ್ಲ ನೋಡಿ.

ಹಳೇ ಟರ್ನರ್:
ನಾನು 34 ವರ್ಷ ಲೇತು, ಮಿಲ್ಲಿಂಗ್ ಮಾಡಿದವನು. ಈ ಜಗಳ ನೋಡಿ ನಗು ಬರುತ್ತದೆ. ದಾವಣಗೆರೆ ತಮ್ಮಾ, ನಿನ್ನ 186 ಗ್ರಾಂ ಬ್ರ್ಯಾಕೆಟ್‌ಗೆ ಎರಡೂ ಕಡೆಯಿಂದ ಪಾಕೆಟ್ ಹೊಡೆಸು, ಅಂದರೆ ಗುಳಿ ಕೊರೆಸು. ಗೋಡೆ 2 ಮಿಮೀ ಬಿಡು. 130ಕ್ಕೆ ಬರುತ್ತದೆ. ಒಂದಕ್ಕೆ ಐನೂರೋ ಆರುನೂರೋ ಜಾಸ್ತಿ ಆಗಬಹುದು. ನಾನು ಒಬ್ಬರಿಗೆ ಹೀಗೆ ಮಾಡಿಕೊಟ್ಟೆ. ಅವರು ಮೊದಲು ಪ್ರಿಂಟ್ ಮಾಡಿಸಿ, ಥ್ರೆಡ್ ಕಿತ್ತುಹೋಗಿ, ಅಳುತ್ತಾ ಬಂದಿದ್ದರು. ಪ್ರಿಂಟ್‌ನಲ್ಲೇ ಎಂ4 ಥ್ರೆಡ್ ತೆಗೆದಿದ್ದರಂತೆ! ಆ ಥ್ರೆಡ್ ಮುಟ್ಟಿದರೆ ಮರಳು ಕಾಗದ. ತೂತು ಸಣ್ಣದಾಗಿ ಬಿಟ್ಟು ಡ್ರಿಲ್ ಮಾಡಿ ಟ್ಯಾಪ್ ಹೊಡೆಯಬೇಕು, ಪದೇ ಪದೇ ಬಿಚ್ಚುವ ಜಾಗಕ್ಕೆ ಹೆಲಿಕಾಯಿಲ್, ಅಂದರೆ ಉಕ್ಕಿನ ತಂತಿ ಸುರುಳಿ, ಹಾಕಬೇಕು. ಇದು ಯಾರಿಗೆ ಗೊತ್ತಿಲ್ಲ?

ಹೆಬ್ಬಾಳದಿಂದ:
ಇಂಥ ಮನಸ್ಸು ಇರುವವರಿಂದಲೇ ನಾವು ಹಿಂದೆ ಇರುವುದು. ಇಸ್ರೋ 2024ರ ಮೇ 9ರಂದು ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತದ ಪಿಎಸ್‌4 ಎಂಜಿನ್ ಅನ್ನು 665 ಸೆಕೆಂಡ್ ಉರಿಸಿತಲ್ಲ, ಅದು ಪ್ರಿಂಟ್ ಮಾಡಿದ ಎಂಜಿನ್. 14 ಭಾಗ ಇದ್ದದ್ದು ಒಂದೇ ಆಯಿತು. 19 ವೆಲ್ಡ್ ಜಾಯಿಂಟ್ ಮಾಯ. ಮೊದಲು ಫೋರ್ಜಿಂಗ್, ಶೀಟ್ ಸೇರಿ 565 ಕೆಜಿ ಕಚ್ಚಾ ಲೋಹ ಬೇಕಿತ್ತು, ಈಗ 13.7 ಕೆಜಿ ಪುಡಿ. ಪ್ರಿಂಟ್ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ನೀವು ಇನ್ನೂ ಪಾಕೆಟ್ ಹೊಡೆಯಿರಿ.

ಹಳೇ ಟರ್ನರ್:
ಎಂಜಿನ್‌ನಲ್ಲಿ 14 ಭಾಗ ಒಂದಾಯಿತು, 19 ಬೆಸುಗೆ ಉಳಿಯಿತು. ಸರಿ, ಒಪ್ಪಿದೆ, ಕೈ ಮುಗಿಯುತ್ತೇನೆ. ಈ ಹುಡುಗನ ಬ್ರ್ಯಾಕೆಟ್‌ನಲ್ಲಿ ಎಷ್ಟು ಭಾಗ ಒಂದಾಗುತ್ತದೆ? ಮೊದಲೂ ಒಂದು, ಆಮೇಲೂ ಒಂದು. ಇನ್ನೊಂದು ಮಾತು. ಆ ಎಂಜಿನ್‌ನ ಬೇರೆ ಭಾಗಕ್ಕೆ ಕೂರುವ ಮುಖಗಳನ್ನು ಕೊನೆಗೆ ಯಾವುದೋ ಮೆಷಿನ್ ಮೇಲೆ ನನ್ನಂಥವನೇ ಒಬ್ಬ ಫಿನಿಶ್ ಮಾಡಿರುತ್ತಾನೆ.

ಹೆಬ್ಬಾಳದಿಂದ:
ನಾನು ಸೋತದ್ದು ಬೇರೆ ಕಡೆ, ಅದನ್ನೂ ಹೇಳುತ್ತೇನೆ. ನಮ್ಮದೊಂದು ಆಂಟೆನಾ ಸ್ಟ್ಯಾಂಡ್‌ಗೆ ಟೊಳ್ಳು ಕಡ್ಡಿ ಹಾಕಿದ್ದೆ, ಒಳಗೆ ಜಾಲರಿ. ಮಾಡೆಲ್‌ನಲ್ಲಿ 98 ಗ್ರಾಂ. ಪಾರ್ಟು ಬಂದಾಗ ತಕ್ಕಡಿ 131 ತೋರಿಸಿತು. ತಕ್ಕಡಿ ಕೆಟ್ಟಿದೆ ಅಂತ ಪಕ್ಕದ ಚಿನ್ನದ ಅಂಗಡಿಗೆ ಹೋಗಿ ತೂಗಿಸಿದೆ. 131. ಕಿವಿ ಹತ್ತಿರ ಇಟ್ಟು ಅಲ್ಲಾಡಿಸಿದರೆ ರಾಗಿ ಹಿಟ್ಟಿನ ಡಬ್ಬಿ ಹಾಗೆ ಸರಸರ. ಕರಗದ ಪುಡಿ ಒಳಗೇ ಉಳಿದಿತ್ತು, ಹೊರಗೆ ಬರಲು ತೂತೇ ಬಿಟ್ಟಿರಲಿಲ್ಲ. ಆಮೇಲೆ 4 ಮಿಮೀ ತೂತು ಎರಡು ಕೊರೆದು ಎರಡು ದಿನ ತಟ್ಟಿದೆ. 104ಕ್ಕೆ ಬಂತು. ಉಳಿದ 6 ಗ್ರಾಂ ಇನ್ನೂ ಒಳಗೇ ಇದೆ, ಹಾಗೇ ಆಂಟೆನಾ ಮೇಲೆ ಕೂತಿದೆ. 41,300 ರೂಪಾಯಿಯ ಗಿಲಕಿ.

ತೀರ್ಥಹಳ್ಳಿ ತೋಟ:
ನಾನು ಡ್ರೋನ್ ಬಳಸುವವನು, ಮಾಡುವವನಲ್ಲ. ಆದರೂ ಹೇಳಬೇಕು. ಹಿಂದಿನ ಮಳೆಗಾಲ ಅಡಿಕೆಗೆ ಬೋರ್ಡೋ ದ್ರಾವಣ (ಮೈತುತ್ತ, ಸುಣ್ಣ) ಹೊಡೆಯಲು ಒಬ್ಬರು ಡ್ರೋನ್ ತಂದಿದ್ದರು. ಅದರಲ್ಲಿ ಪ್ರಿಂಟ್ ಮಾಡಿದ ಅಲ್ಯೂಮಿನಿಯಂ ಪಾರ್ಟು ಇತ್ತು, ಬಹಳ ಹೆಮ್ಮೆಯಿಂದ ತೋರಿಸಿದರು. ಮೈತುತ್ತ, ಸುಣ್ಣ ಎರಡೂ ಅಲ್ಯೂಮಿನಿಯಂಗೆ ಆಗುವುದಿಲ್ಲ ಅಂತ ನಮ್ಮ ಅಜ್ಜನಿಗೂ ಗೊತ್ತಿತ್ತು, ತಾಮ್ರದ ಹಂಡೆ ಬಿಟ್ಟರೆ ಮಣ್ಣಿನದೇ ಬಳಸುತ್ತಿದ್ದರು. ಒರಟು ಮೈ ಆದ್ದರಿಂದ ನೀಲಿ ಅಂಟು ತೊಳೆದರೂ ಹೋಗಲಿಲ್ಲ. ತಿಂಗಳಿಗೆ ಬಿಳಿ ಹುಡಿ, ಸಣ್ಣ ಸಣ್ಣ ಗುಳಿ. ಆನೋಡೈಸ್ (ರಕ್ಷಣೆಯ ಪದರ) ಮಾಡಿಸಿದ್ದೇವೆ ಅಂದರು. ಬಣ್ಣ ಮಾತ್ರ ಬೂದಿ ಬೂದಿ, ಒಂದು ಕಡೆ ಕಪ್ಪು ಒಂದು ಕಡೆ ಬಿಳಿ.

ಹ್ಯಾಂಬರ್ಗ್ ಕನ್ನಡತಿ:
ಇದು ಈ ಚರ್ಚೆಯಲ್ಲಿ ಬಂದ ಮೊದಲ ಉಪಯೋಗದ ಮಾತು. ಪ್ರಿಂಟ್‌ಗೆ ಬಳಸುವ ಆಲ್‌ಸಿ10ಎಂಜಿ ಮಿಶ್ರಲೋಹದಲ್ಲಿ ಸಿಲಿಕಾನ್ ಶೇಕಡ 10ರ ಹತ್ತಿರ ಇರುತ್ತದೆ, ಆದ್ದರಿಂದ ಆನೋಡೈಸ್ ಬಣ್ಣ ಹಾಗೇ ಬರುವುದು. ಗುಳಿ ಬಿದ್ದ ಜಾಗದಿಂದಲೇ ಫಟೀಗ್ ಬಿರುಕು ಶುರುವಾಗುತ್ತದೆ. ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಡೇಟಾಶೀಟ್‌ನಲ್ಲಿ ಮೊದಲ ಕಾಲಂ ನೋಡಿ ಲೆಕ್ಕ ಹಾಕಬೇಡಿ. ಅದು ಪ್ರಿಂಟ್ ಆದ ತಕ್ಷಣದ ಬಲ. 300 ಡಿಗ್ರಿ ಸ್ಟ್ರೆಸ್ ರಿಲೀಫ್ ಆದ ಮೇಲೆ ಸುಮಾರು ಮೂರನೇ ಒಂದು ಪಾಲು ಇಳಿದಿರುತ್ತದೆ.

ಪೀಣ್ಯ ಸೆಕೆಂಡ್ ಸ್ಟೇಜ್:
ಮೊದಲ ಉಪಯೋಗದ ಮಾತಾ? ನನ್ನ 96,808 ರೂಪಾಯಿ ಅನುಭವ ಉಪಯೋಗ ಇಲ್ಲವಾ ಮೇಡಂ? ನಿಮ್ಮ ಹಾಗೆ ಬೇರೆಯವರ ದುಡ್ಡಲ್ಲಿ ಕಲಿತದ್ದಲ್ಲ ನಾನು.

ಹ್ಯಾಂಬರ್ಗ್ ಕನ್ನಡತಿ:
ಸ್ಟ್ರೆಸ್ ರಿಲೀಫ್‌ಗೆ ಮೊದಲು ವೈರ್‌ಕಟ್ ಮಾಡಬಾರದು ಅನ್ನುವುದು 37,000 ಕೊಟ್ಟು ಕಲಿಯುವ ವಿಷಯ ಅಲ್ಲ, ಪ್ರಿಂಟ್ ಮಾಡಿದವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಪೀಣ್ಯ ಸೆಕೆಂಡ್ ಸ್ಟೇಜ್:
ಮೀಟಿಂಗ್‌ನಲ್ಲಿ ಹೇಳಿದ್ದೆ, ಮಿನಿಟ್ಸ್‌ನಲ್ಲಿ ಬರೆಯಲಿಲ್ಲ ಅಂತ ಅಳುವವರು ನನಗೆ ಬುದ್ಧಿ ಹೇಳುತ್ತಾರೆ.

ರಾಯಚೂರು ನೈಲಾನ್:
ಇಬ್ಬರೂ ಬಿಡಿ ಅತ್ಲಾಗೆ. ಪೀಣ್ಯ ಅಣ್ಣ, ಆ ವೈರ್‌ಕಟ್‌ನವರು 4,200 ತಗೊಂಡರಾ? ನನಗೆ ಹೊಸೂರು ಕಡೆ 2,600ಕ್ಕೆ ಮಾಡಿಕೊಟ್ಟಿದ್ದರು.

ಪೀಣ್ಯ ಸೆಕೆಂಡ್ ಸ್ಟೇಜ್:
ನಿನ್ನದು ನೈಲಾನ್ ಅಲ್ವಾ? ನೈಲಾನ್‌ಗೆ ಎಲ್ಲಿಯ ವೈರ್‌ಕಟ್?

ರಾಯಚೂರು ನೈಲಾನ್:
ಬುಷ್‌ಗೆ ಅಣ್ಣ. ಬೇರೆ ಕೆಲಸ. ಅದನ್ನೂ ವಿವರ ಹೇಳಬೇಕಾ?

ಹಳೇ ಟರ್ನರ್:
ಬುಷ್ ಅನ್ನು ವೈರ್‌ಕಟ್ ಮಾಡಿಸಿದೆಯಾ? ದೇವರೇ. ಲೇತಿನಲ್ಲಿ ಎರಡು ನಿಮಿಷದ ಕೆಲಸ ಅದು.

ದಾವಣಗೆರೆ ಡ್ರೋನ್:
ಎಲ್ಲರಿಗೂ ಥ್ಯಾಂಕ್ಸ್. ನನ್ನ ಎರಡನೇ ಪ್ರಶ್ನೆ, ಯಾವ ಕಡೆ ತಿರುಗಿಸಿ ಇಡಬೇಕು ಅನ್ನುವುದು, ಹಾಗೇ ಉಳಿಯಿತು. ಮೂರು ಕಡೆ ಕೊಟೇಶನ್ ಕೇಳಿದ್ದೆ. ಕಡಿಮೆ ಅಂದರೆ 12 ಪೀಸ್‌ಗೆ 1,38,000, ಅದೂ ಟ್ಯಾಪಿಂಗ್ ಬಿಟ್ಟು. ಟೆಂಪೋ ಕಥೆ ಓದಿದ ಮೇಲೆ ಇನ್ನೂ ನಾಲ್ಕು ಲೋಡ್ ಕೇಸ್ ಸೇರಿಸಿ ಓಡಿಸಿದೆ. ಗಟ್ಟಿಯಾಗಿ ಇಳಿಯುವುದು, ಒಂದು ಕೈ ಹಿಡಿದು ಎತ್ತುವುದು, ಹಗ್ಗ ಎಳೆಯುವುದು, ಮಡಚಿದಾಗ ಮೇಲೆ ಏನಾದರೂ ಬೀಳುವುದು. ತೂಕ 115 ಇದ್ದದ್ದು 149ಕ್ಕೆ ಏರಿತು.

ಹಳೇ ಟರ್ನರ್:
ನಾನು ಹೇಳಲಿಲ್ಲವಾ? 149 ಅಂದರೆ ನನ್ನ ಪಾಕೆಟ್ ಬ್ರ್ಯಾಕೆಟ್‌ಗಿಂತ ಜಾಸ್ತಿ.

ಹ್ಯಾಂಬರ್ಗ್ ಕನ್ನಡತಿ:
ನಿಮ್ಮ 130ಕ್ಕೆ ಆ ಐದು ಲೋಡ್ ಹಾಕಿ ನೋಡಿದ್ದೀರಾ?

ಹಳೇ ಟರ್ನರ್:
ಕಣ್ಣಲ್ಲೇ ಗೊತ್ತಾಗುತ್ತದೆ ಮಗಳೇ.

ತೊಂಬತ್ತೊಂಬತ್ತು ಸಾಲು:
ಕಣ್ಣಲ್ಲಿ ಸ್ಟ್ರೆಸ್ ಕಾಣುವುದಾದರೆ ನಾವೆಲ್ಲ ಕಾಲೇಜು ಮುಚ್ಚುತ್ತೇವೆ.

ಹಳೇ ಟರ್ನರ್:
ತಮ್ಮಾ, ಈ ಜಾಣರ ಮಾತು ಬಿಡು. ಬ್ಯಾಟರಿ ಕೂರುವ ತಟ್ಟೆ ಯಾವುದರಲ್ಲಿ ಮಾಡಿದ್ದೀಯ?

ದಾವಣಗೆರೆ ಡ್ರೋನ್:
3 ಮಿಮೀ ಅಲ್ಯೂಮಿನಿಯಂ ಶೀಟ್ ಸಾರ್. 350 ಬೈ 300.

ಹಳೇ ಟರ್ನರ್:
850 ಗ್ರಾಂ ಅದು. 2 ಮಿಮೀ ಹಾಕಿ ಅಂಚು ಮಡಚಿಸು. 280 ಗ್ರಾಂ ಅಲ್ಲೇ ಹೋಯಿತು. ಮೇಲೆ ಆರು ತೂತು ದೊಡ್ಡದಾಗಿ ಕೊಚ್ಚಿಸು. ಲೇಸರ್ ಕಟಿಂಗ್‌ನವನು ಸಾವಿರದ ಒಳಗೆ ಮಾಡಿಕೊಡುತ್ತಾನೆ.

ಹೆಬ್ಬಾಳದಿಂದ:
ಇಷ್ಟು ಹೊತ್ತು ಯಾಕೆ ಹೇಳಲಿಲ್ಲ?

ಹಳೇ ಟರ್ನರ್:
ಯಾರೂ ತಟ್ಟೆ ಬಗ್ಗೆ ಕೇಳಲಿಲ್ಲ.

ಬೆಳಗಾವಿ ಎರಕ:
ತಟ್ಟೇನೂ ಎರಕ ಹೊಯ್ದು ಕೊಡಬಹುದು ನೋಡ್ರಿ, ಮಗ್ನೀಷಿಯಂನಲ್ಲಿ.

ಲೆಡ್ಜರ್:
ಲೇಸರ್ ಕಟಿಂಗ್‌ನವರ ಬಿಲ್ ತಗೊಳ್ಳಿ, ಕಚ್ಚಾ ಚೀಟಿ ಬೇಡ. ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ.

ಪೀಣ್ಯ ಸೆಕೆಂಡ್ ಸ್ಟೇಜ್:
ಮತ್ತೆ ಶುರು ಮಾಡಿದ.

ರಾಯಚೂರು ನೈಲಾನ್:
ಟರ್ನರ್ ಅಂಕಲ್, 32 ಬುಷ್ ಲೇತಿನಲ್ಲಿ ಮಾಡಲು ಎಷ್ಟು ತಗೋತೀರಿ? ಒಳಗೆ 4.2, ಹೊರಗೆ 7, ಉದ್ದ 9.